ಸೇತುವೆಯಾಚೆಯ ಎರಡನೇ ಬಿಗಿ

ಸತ್ತವರು ಕಾಣಿಸಿಕೊಂಡರು ಎಂದು ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದವಳು ನಾನು. ಆಸ್ಪತ್ರೆಯಲ್ಲಿ ನರ್ಸಾಗಿ ಆಯುಷ್ಯ ಸವೆಸಿದ್ದೇನೆ. ಎಷ್ಟೋ ದೇಹಗಳನ್ನು ಒರೆಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಬಿಳಿ ಹೊದಿಸಿ ಕಳುಹಿಸಿದ್ದೇನೆ. ಒಬ್ಬರಾದರೂ ತಿರುಗಿ ಬಂದು "ಥ್ಯಾಂಕ್ಸ್ ಸಿಸ್ಟರ್" ಎಂದದ್ದಿಲ್ಲ. ಜೊತೆಯ ಹುಡುಗಿಯರು ಹಳೆಯ ವಾರ್ಡಿನ ದೆವ್ವದ ಕತೆ ತೆಗೆದರೆ, ಹೇಳುವವರು ಹೆಡ್ಡರಾದರೆ ಕೇಳುವವರಿಗೆ ಮತಿ ಬೇಡವೇ ಎಂದು ಗದರುತ್ತಿದ್ದೆ. ಹಾಗಾಗಿ ನಾನು ಹೇಳಹೊರಟಿರುವುದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯಿಸುವ ಮುಖ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ನನ್ನ ಗಂಡ ಫೆಲಿಕ್ಸ್‌ಗೆ ಕೂಳೂರಿನಲ್ಲಿ, ಹೆದ್ದಾರಿಯ ಬದಿಗೆ, ಸೇತುವೆಗಿಂತ ಸ್ವಲ್ಪ ಈಚೆಗೆ ಒಂದು ವರ್ಕ್‌ಶಾಪ್ ಇತ್ತು. ಬಾಡಿಗೆಯ ತಗಡಿನ ಶೆಡ್ಡು. ಒಳಗೆ ಕಬ್ಬಿಣ ಕಡೆಯುವ, ಅವರಿಗಿಂತ ಹೆಚ್ಚು ವಯಸ್ಸಾದ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಕಬ್ಬಿಣ ಬಡಿಯುವ ಅಡಿಗಲ್ಲು, ವೈಸ್. ಎದುರಿನ ಗೋಡೆಯ ತುಂಬ ಲಾರಿಯ ಲೋಡು ಕಟ್ಟುವ ಸಾಮಾನು: ಚೈನು, ಕೊಕ್ಕೆ, ನೈಲಾನ್ ಹಗ್ಗ, ಟರ್ಪಾಲು, ಮತ್ತೆ ಹಿಡಿ ಎಳೆದಷ್ಟೂ ಹಲ್ಲುಹಲ್ಲಾಗಿ ಬಿಗಿಯುವ ಅಗಲದ ಬೆಲ್ಟುಗಳು. ಬಂದರಿನ ಕಡೆಯಿಂದ ಬರುವ ಡ್ರೈವರುಗಳು ಬೆಲ್ಟು ಬೇಕಾದರೆ "ಪೊರ್ಬುಗಳ ಹತ್ತಿರ ಹೋಗುವಾ" ಎನ್ನುತ್ತಿದ್ದರು. ನಮ್ಮ ಕ್ರಿಶ್ಚನ್ ಗಂಡಸರನ್ನು ಇಲ್ಲಿ ಹಾಗೆ ಕರೆಯುವುದು ರೂಢಿ. ಹೆಂಗಸರಾದ ನಾವು ಬಾಯಮ್ಮಗಳು. ಸವೆದ ಬೆಲ್ಟನ್ನು ಇವರು ಯಾರಿಗೂ ಕೊಡುತ್ತಿರಲಿಲ್ಲ. ಕತ್ತರಿಸಿ ಮೂಲೆಗೆ ಎಸೆಯುತ್ತಿದ್ದರು.

ಇವರಿಗೊಂದು ಹುಚ್ಚು ಇತ್ತು. ತಾವು ಕಟ್ಟಿದ ಲೋಡು ಬಡಗು ದಿಕ್ಕಿಗೆ ಹೊರಟರೆ, ತಲೆಗೆ ಬೈರಾಸು ಟವೆಲು ಸುತ್ತಿ, ಹಳೆಯ ಸ್ಕೂಟರ್ ಏರಿ ಲಾರಿಯ ಹಿಂದೆಯೇ ಹೋಗುತ್ತಿದ್ದರು. ಸೇತುವೆಯ ಸಂದುಗಳ ಮೇಲೆ ಲಾರಿ ಕುಲುಕುವಾಗ ಲೋಡು ತನ್ನ ಜಾಗದಲ್ಲಿ ಕೂತುಕೊಳ್ಳುತ್ತದೆ, ಆಗ ಬೆಲ್ಟು ಸಡಿಲಾಗುತ್ತದೆ ಎಂದು ಅವರ ಲೆಕ್ಕ. ಆಚೆ ದಡದಲ್ಲಿ ಹಾರ್ನ್ ಹೊಡೆದು ನಿಲ್ಲಿಸಿ, ಇನ್ನೊಮ್ಮೆ ಬಿಗಿದು ವಾಪಸು ಬರುತ್ತಿದ್ದರು. "ಹೊರಡುವಾಗ ಕಟ್ಟಿದ್ದು ಕಟ್ಟಲ್ಲ, ಸಂಕ ದಾಟಿ ಕಟ್ಟಿದ್ದೇ ಕಟ್ಟು" ಎಂಬುದು ಅವರ ಮಂತ್ರ. ಡ್ರೈವರುಗಳಿಗೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ, ಎರಡನೇ ಬಿಗಿಯನ್ನು ನೆನಪಿಟ್ಟುಕೊಳ್ಳುವ ಕೆಲಸವನ್ನೇ ಅವರು ಬಿಟ್ಟುಬಿಟ್ಟಿದ್ದರು. ಊಟಕ್ಕೆ ಕಾದು ಕಾದು ಮೀನಿನ ಸಾರು ತಣ್ಣಗಾದ ದಿನಗಳಲ್ಲಿ ನಾನು ಸಿಡುಕುತ್ತಿದ್ದೆ: "ಲಾರಿಯ ಹಿಂದೆ ಓಡಿದ್ದರಲ್ಲಿ ಕಾಲುಭಾಗ ನನ್ನ ಹಿಂದೆ ಬಂದಿದ್ದರೆ ನಾನು ರಾಣಿ ಆಗ್ತಿದ್ದೆ." ಅವರು ನಗುತ್ತಿದ್ದರು. "ನೀನು ಸಡಿಲ ಆಗುವ ಜಾತಿಯಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಅವರು ಹೋದ ದಿನ ನಾನು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ. ನನಗೆ ಎಚ್ಚರವಾಗಬಾರದೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಗೆ ಹೋಗಿ, ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡು ಹೋಗಿದ್ದಾರೆ. ಹತ್ತು ಗಂಟೆಯ ಚಹಾ ಕುಡಿಯುತ್ತ ಲೇತಿನ ಪಕ್ಕದಲ್ಲೇ ಕುಸಿದರಂತೆ. ನಾನು ಆಸ್ಪತ್ರೆಗೆ ಓಡಿ ಅವರ ಕೈ ಮುಟ್ಟಿದಾಗಲೇ ನನಗೆ ತಿಳಿಯಿತು, ಡಾಕ್ಟರು ಹೇಳಬೇಕಾಗಿರಲಿಲ್ಲ. ಅಪರಿಚಿತರ ಕೊನೆಯ ನೋಟಗಳನ್ನು ರಾಶಿ ರಾಶಿ ಕಂಡವಳಿಗೆ ಸ್ವಂತ ಗಂಡನ ಒಂದು ನೋಟ ಸಿಗಲಿಲ್ಲ. ಜನ ನನ್ನನ್ನು ಗಟ್ಟಿಗಿತ್ತಿ ಎಂದರು. ಒಳಗೆ ನಾನು ಬೇಡುತ್ತಿದ್ದದ್ದು ಅದೊಂದನ್ನೇ: ಒಮ್ಮೆ ಮುಖ ಎತ್ತಿ ನನ್ನನ್ನು ನೋಡಿ ಹೋಗಬಾರದಿತ್ತೇ?

ಇಗರ್ಜಿಯಲ್ಲಿ ತಿಂಗಳ ಪೂಜೆ ಮುಗಿದ ಮೇಲೆ ಶೆಡ್ಡಿನ ಯಜಮಾನರು ಜಾಗ ತೆರವು ಮಾಡಲು ಹೇಳಿದರು. ತಪ್ಪೇನಿಲ್ಲ, ಅವರೂ ಎಷ್ಟು ದಿನ ಕಾಯುತ್ತಾರೆ? ಸ್ಕೂಟರ್ ಆಗಲೇ ಗುಜರಿಗೆ ಹೋಗಿತ್ತು. ಕುಂದಾಪುರದ ಕಡೆಯ ಒಬ್ಬ ವರ್ಕ್‌ಶಾಪಿನವರು ಮೆಷಿನುಗಳನ್ನು ಕೊಂಡರು. ಸಾಗಿಸಲು ಬಂದವನು ಹಮೀದ್. ಇವರ ಹತ್ತಿರವೇ ಲೋಡು ಕಟ್ಟುವುದನ್ನು ಕಲಿತ ಬ್ಯಾರಿ ಡ್ರೈವರ್, ಬೆಂಗ್ರೆಯವನು. ಗೋಡೆಯಲ್ಲಿ ಉಳಿದಿದ್ದ ಬೆಲ್ಟುಗಳಿಂದಲೇ ಲೇತನ್ನು ಕಟ್ಟಿದ. ಬಿಗಿಯುವ ಹಿಡಿಗಳೆಲ್ಲ ಡ್ರೈವರನ ಬದಿಗೆ ಬರುವ ಹಾಗೆ, ಇವರು ಕಲಿಸಿದಂತೆಯೇ ಕಟ್ಟಿದ. ಮುಲ್ಕಿಯಲ್ಲಿ ನನ್ನ ತಂಗಿಯ ಮನೆ ಉಂಟು, ಅಲ್ಲಿವರೆಗೆ ಬರುತ್ತೇನೆ ಎಂದು ನಾನೂ ಹತ್ತಿ ಕೂತೆ. ತಂಗಿಯ ಮನೆ ಒಂದು ನೆಪ. ಲೇತನ್ನು ಒಂಟಿಯಾಗಿ ಕಳುಹಿಸಲು ಮನಸ್ಸು ಬರಲಿಲ್ಲ.

ಮಧ್ಯಾಹ್ನದ ಉರಿಬಿಸಿಲು. ಸೇತುವೆಯ ಮೇಲೆ ಲಾರಿ ಕುಲುಕುತ್ತ ಸಾಗಿತು. ಎರಡನೇ ಬಿಗಿಯ ಯೋಚನೆ ನನಗೂ ಬರಲಿಲ್ಲ, ಅವನಿಗೂ ಬಂದಿರಲಿಲ್ಲ ಎಂದು ಆಮೇಲೆ ಹೇಳಿದ. ಆಚೆ ದಡ ಸೇರಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನು ಬಲಗಡೆಯ ಕನ್ನಡಿಯನ್ನು ನೋಡಿ ಲಾರಿಯನ್ನು ಎಡಕ್ಕೆ ತಂದು ನಿಲ್ಲಿಸಿದ. ಇಳಿದ. ಬಾಗಿಲು ತೆರೆದೇ ಇತ್ತು.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬೆಲ್ಟು ಬಿಗಿಯುವ ಸದ್ದು ಕೇಳಿಸಿತು. ಕಟಕ್ ಕಟಕ್ ಕಟಕ್, ಸ್ವಲ್ಪ ನಿಲುಗಡೆ, ಮತ್ತೆ ಕಟಕ್ ಕಟಕ್ ಕಟಕ್. ಫೆಲಿಕ್ಸ್‌ಗೆ ಬಲಭುಜ ಹಿಡಿದುಕೊಂಡು ವರ್ಷಗಳಾಗಿದ್ದವು. ಮೂರು ಸಲ ಎಳೆದರೆ ಒಮ್ಮೆ ತೋಳು ಇಳಿಬಿಟ್ಟು ಸುಧಾರಿಸಿಕೊಳ್ಳಬೇಕು. ದಿನಾ ಸಂಜೆ ಆ ಭುಜಕ್ಕೆ ಎಣ್ಣೆ ತಿಕ್ಕಿದವಳು ನಾನು. ಆ ನಿಲುಗಡೆ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಪಾಪ, ಹಮೀದ್ ಗುರುವಿನ ನೋವನ್ನೂ ಸೇರಿಸಿ ಕಲಿತಿದ್ದಾನೆ ಎಂದುಕೊಂಡು, ಕಣ್ಣೊರೆಸಿ ಆ ಕಡೆ ತಿರುಗಿದೆ. ತೆರೆದ ಬಾಗಿಲ ಪಕ್ಕದಲ್ಲೇ ಹಮೀದ್ ನಿಂತಿದ್ದ. ಎರಡೂ ಕೈ ಬಾಗಿಲ ಮೇಲಿದ್ದವು. ಹಿಂದಕ್ಕೆ ನೋಡುತ್ತ ಕಲ್ಲಾಗಿದ್ದ. ಸದ್ದು ನಿಂತಿರಲಿಲ್ಲ.

"ಯಾರು ಹಮೀದ್?" ಎಂದೆ. ನನ್ನ ಬದಿಯ ಕನ್ನಡಿಯಲ್ಲಿ ಖಾಲಿ ರಸ್ತೆಯಂಚು ಮಾತ್ರ ಕಾಣುತ್ತಿತ್ತು. ಬಾಗಿಲು ತೆಗೆದು, ಸೀರೆ ಎತ್ತಿ ಹಿಡಿದು, ಈ ಹಾಳು ಮಂಡಿಗಳನ್ನು ಶಪಿಸುತ್ತ ಇಳಿದೆ. ಲಾರಿಯನ್ನು ಸುತ್ತಿ ಆ ಬದಿಗೆ ಮುಟ್ಟುವಷ್ಟರಲ್ಲಿ ಸದ್ದು ನಿಂತಿತ್ತು. ಅಲ್ಲಿ ಯಾರೂ ಇರಲಿಲ್ಲ. ಬೆಲ್ಟನ್ನು ಮುಟ್ಟಿ ನೋಡಿದೆ, ಬಿಗಿಯಾಗಿತ್ತು. ಮೊದಲು ಸಡಿಲಾಗಿತ್ತೋ ಇಲ್ಲವೋ ನಾನು ನೋಡಿದವಳಲ್ಲ. ಹೆದ್ದಾರಿಯಲ್ಲಿ ನೂರು ಸದ್ದುಗಳಿರುತ್ತವೆ, ಹತ್ತಿರದಲ್ಲೇ ಗ್ಯಾರೇಜೂ ಇದ್ದೀತು.

ಹಮೀದ್ ನನ್ನ ಹಿಂದೆಯೇ ಬಂದ. "ಬಾಯಮ್ಮ, ನನಗೆ ಮಂಡೆ ಸಮ ಇಲ್ಲ ಅಂತ ಗ್ರಹಿಸ್ಬೇಡಿ. ಹಿಂದೆ ಸ್ಕೂಟರ್ ಬರ್ತಾ ಇತ್ತು. ಹಾರ್ನ್ ಕೇಳಿತು, ನಾನು ಅಭ್ಯಾಸದಲ್ಲಿ ನಿಲ್ಲಿಸಿದೆ. ಪೊರ್ಬುಗಳೇ. ತಲೆಗೆ ಬೈರಾಸು ಸುತ್ತಿದ್ರು."

ನನಗೆ ಹೆದರಿಕೆಯಾಗಲಿಲ್ಲ. ಅಲ್ಲೇ ಹುಡುಕಬೇಕೆಂದೂ ಅನಿಸಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು. "ಅವರು ಈಚೆ ನೋಡಿದ್ರಾ ಹಮೀದ್? ನಾನು ಕೂತ ಕಡೆ?"

ಅವನು ಬೆಲ್ಟಿನ ಮೇಲೆ ಕೈಯಿಟ್ಟ. "ಇಲ್ಲ ಬಾಯಮ್ಮ. ಬೆಲ್ಟನ್ನೇ ನೋಡ್ತಾ ಇದ್ರು."

ಮತ್ತೆ ಲಾರಿ ಹತ್ತಿದೆ. ದಾರಿಯುದ್ದಕ್ಕೂ ಅತ್ತೆ. ಅಳುವಿಗಿಂತ ಹೆಚ್ಚಾಗಿ ಸಿಟ್ಟು, ನಾಚಿಕೆಯಿಲ್ಲದೆ ಹೇಳುತ್ತೇನೆ, ಹೊಟ್ಟೆಕಿಚ್ಚು. ಒಂದು ಹಳೆಯ ಲೇತಿಗೋಸ್ಕರ ಅಷ್ಟು ದೂರದಿಂದ ಬರಬಹುದಾದರೆ, ಎಂಟು ಹೆಜ್ಜೆ ಮುಂದೆ ಕೂತಿದ್ದ ನನ್ನ ಕಡೆ ತಲೆ ಎತ್ತಲು ಏನು ಕಷ್ಟವಿತ್ತು? ನಂಬದಿದ್ದರೆ ಅಲ್ಲಿ ಯಾರೂ ಬಂದಿರಲಿಲ್ಲ. ನಂಬಿದರೆ ಬಂದವರಿಗೆ ನಾನು ಬೇಕಿರಲಿಲ್ಲ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಮುಲ್ಕಿಯಲ್ಲಿ ಹಮೀದ್ ತಾನೇ ಬಂದು ಕೈಕೊಟ್ಟು ನನ್ನನ್ನು ಇಳಿಸಿದ. ಚೀಲ ಕೈಗಿತ್ತ ಮೇಲೂ ಹೋಗದೆ ನಿಂತ.

"ಬಾಯಮ್ಮ, ಆಗ ನಾನು ಸರಿಯಾಗಿ ಹೇಳ್ಲಿಲ್ಲ. ಕಡೆಗೊಮ್ಮೆ ನೋಡಿದ್ರು. ಬಿಗಿದು ಆದ ಮೇಲೆ, ಕ್ಯಾಬಿನ್ ಕಡೆ. ಸುಮಾರು ಹೊತ್ತು ನೋಡಿದ್ರು." ಅಷ್ಟು ಹೇಳಿ, ನನ್ನ ಉತ್ತರಕ್ಕೂ ಕಾಯದೆ ಲಾರಿ ಹತ್ತಿ ಹೋದ.

ಆಮೇಲೆ ಅವನು ಎಷ್ಟೋ ಸಲ ಸಿಕ್ಕಿದ್ದಾನೆ. ಯೋಗಕ್ಷೇಮ ಮಾತಾಡುತ್ತೇವೆ. ಎರಡರಲ್ಲಿ ಯಾವುದು ನಿಜ ಎಂದು ನಾನು ಕೇಳಿಲ್ಲ, ಕೇಳುವ ಧೈರ್ಯವಿಲ್ಲ. ಸಾವಿಗೆ ತಡವಾಗಿ ಬಂದು ಮುಟ್ಟಿದ ಮಕ್ಕಳಿಗೆ, ಹೆಂಡಂದಿರಿಗೆ, ವಾರ್ಡಿನ ಬಾಗಿಲಲ್ಲಿ ನಿಂತು ನಾನೇ ಎಷ್ಟು ಸಲ ಹೇಳಿಲ್ಲ: "ಕೊನೆಗೆ ನಿಮ್ಮ ಹೆಸರು ಹೇಳಿದ್ರು." ಹೆಚ್ಚಿನವರು ಯಾರ ಹೆಸರನ್ನೂ ಹೇಳಿರುತ್ತಿರಲಿಲ್ಲ. ಮುಲ್ಕಿಯ ರಸ್ತೆಬದಿಯಲ್ಲಿ ಹಮೀದ್ ಮಾತಾಡಿದ್ದು ಅದೇ ದನಿಯಲ್ಲಿ, ನೆಲ ನೋಡುತ್ತ, ಸ್ವಲ್ಪ ಅವಸರದಲ್ಲಿ. ಆ ದನಿ ನನಗೆ ಚೆನ್ನಾಗಿ ಗೊತ್ತು. ಆದರೆ ಕೆಲವರು ನಿಜವಾಗಿಯೂ ಹೆಸರು ಹೇಳಿ ಹೋಗಿದ್ದರು. ಅವರ ಮನೆಯವರಿಗೂ ನಾನು ಅದೇ ದನಿಯಲ್ಲಿಯೇ ಹೇಳಿದ್ದೆ.