ಬಾಣಂತಿಗೆಂದು ನೆಟ್ಟ ಬಸಳೆ

ನನ್ನ ಮಗಳು ಬಸುರಿ ಎಂದು ತಿಳಿದಾಗಲೇ, ಈ ಮರಳುನಾಡಿನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನಮ್ಮ ಕೆಳಮನೆಯಾಕೆ ಕಿಟಕಿಯ ಹೊರಗೆ ಬಸಳೆ ನೆಟ್ಟಿದ್ದಳು. "ಬಾಣಂತಿಗೆ ನನ್ನ ಬಸಳೆಯೇ ಅಕ್ಕ. ಮಣ್ಣು ಎಲ್ಲಿಯಾದ್ರೂ ಮಣ್ಣೇ ಅಲ್ವಾ" ಎಂದು ದಿನವೂ ಸೆರಗಿಗೆ ಕೈ ಒರಸುತ್ತಾ ಹೇಳುವಳು. ಹೊಯ್ದ ನೀರನ್ನೆಲ್ಲ ಮರಳು ಕುಡಿದುಬಿಡುತ್ತಿತ್ತು. ಎಲೆ ಹಳದಿಯಾದಾಗ, ಊರಿನ ಕೆಂಪು ಮಣ್ಣಿಗೆ ಹಾಕುವ ಹಾಗೆ ಚಿಪ್ಪಿನ ಸುಣ್ಣ ಹಾಕಿದಳು. ಇಲ್ಲಿನ ಮರಳಲ್ಲಿ ಮೊದಲೇ ಸುಣ್ಣ ತುಂಬಿದೆಯೆಂದು ಅಳಿಯ ಹೇಳುವಷ್ಟರಲ್ಲಿ ಬಳ್ಳಿ ಬಿಳಿಚಿ ಸತ್ತಿತ್ತು.

ಮೊಮ್ಮಗಳು ಹುಟ್ಟಿದಳು. ನನ್ನ ಸಂತೋಷ ಹೇಳಿ ಮುಗಿಯದು. ಕೆಳಮನೆಯಾಕೆ ಅಂಗಡಿಯ ಬಸಳೆ ಕಟ್ಟು ಹಿಡಿದು ಬಾಗಿಲಲ್ಲೇ ನಿಂತಳು.

"ಬಾ ಮಾರಾಯ್ತಿ, ಮಗು ಎತ್ತಿಕೋ" ಎಂದೆ.

"ಬೇಡ ಅಕ್ಕ, ಕೈಯೆಲ್ಲ ಮಣ್ಣು" ಎಂದಳು. ತೊಳೆದು ಬಂದ ಕೈ ಇನ್ನೂ ಒದ್ದೆಯಾಗಿತ್ತು.

ನಾನು ಮಗುವನ್ನು ಆ ಕೈಗಳಲ್ಲೇ ಇಟ್ಟೆ. ಆಕೆ ತಲೆ ಎತ್ತಲಿಲ್ಲ.

"ದೊಡ್ಡವಳಾದ ಮೇಲೆ ಇವಳಿಗೆ ಹೇಳ್ಬೇಡಿ ಅಕ್ಕ, ನಾನು ಅಂಗಡಿ ಬಸಳೆ ತಂದದ್ದು ಅಂತ" ಎಂದಳು.