ಹೆಂಚು ಸಿಗದ ಜಾಗ

ಬೆಳಗಿನ ನಮಾಜಿಗೆ ಹೋದವರು ಇನ್ನೂ ಮನೆ ಸೇರಿಲ್ಲ. ಸೆಮರಾಂಗ್ ಊರಿನ ಉತ್ತರದ ತುದಿಯ ತಂಬಾಕ್‌ಸರಿ ಕೇರಿಯಲ್ಲಿ ಬು ಕಸ್ಮಿನಾ ಆಗಲೇ ಓಣಿಯ ನಡುವೆ ಕುಕ್ಕರುಗಾಲಲ್ಲಿ ಕೂತು ನೆಲಕ್ಕೆ ಬಿದಿರುಕೋಲು ಚುಚ್ಚುತ್ತಿದ್ದಾರೆ. ಚುಚ್ಚುವುದು, ಕಿವಿಗೊಡುವುದು, ಕೂತಲ್ಲಿಂದಲೇ ತುಸು ಮುಂದಕ್ಕೆ ಸರಿಯುವುದು. ಮೊಳದಾಳದಲ್ಲಿ ಕೋಲಿನ ತುದಿ ಹೆಂಚಿಗೆ ತಾಗಿ ‘ಟಕ್’ ಅಂದಾಗಲೆಲ್ಲ ಅವರು ತಲೆಯಾಡಿಸುತ್ತಾರೆ. ಪಾಕ್ ಸರ್ಕಾವಿಯವರ ಮನೆಯ ಮುಂದೆ ಬಂದಾಗ ಕೋಲು ಸುಮ್ಮನೆ ಕೆಸರಿನೊಳಗೆ ಇಳಿಯುತ್ತದೆ. ಬದಿಗೆ ಚುಚ್ಚುತ್ತಾರೆ, ಅಲ್ಲೂ ಅಷ್ಟೇ. ಹೆಂಚು ಇಲ್ಲ.

“ಏನ್ ಬು, ಹೆಂಚೆಲ್ಲಾ ದಾವೆತ್ ಅಂಗಡಿಗೆ ಹೋಯ್ತಾ?” ಎಂದು ಚಪ್ಪರ ಹಾಕಲು ಬಂದ ಪಾಕ್ ಜೆಮಿಂಗಾನ್ ಕಿಚಾಯಿಸುತ್ತಾರೆ. ಇಲ್ಲಿ ಹಿರಿಯ ಹೆಂಗಸರಿಗೆ ‘ಬು’, ಗಂಡಸರಿಗೆ ‘ಪಾಕ್’ ಎನ್ನುವುದು ಮರ್ಯಾದೆ. ಅವರ ಗಾಡಿಯಲ್ಲಿ ಕಂಬ, ತಗಡು, ಆಳುದ್ದದ ಕಬ್ಬಿಣದ ಗೂಟಗಳು ತುಂಬಿವೆ. ಇಂದು ಸರ್ಕಾವಿಯವರ ಮಗಳು ನುರ್‌ವೆನಿಂಗ್‌ಗೆ ಮದುವೆಯ ಹಿಂದಿನ ದಿನದ ಸ್ನಾನ. ಸ್ನಾನವಾದ ಮೇಲೆ ಮದುಮಗಳ ತಾಯಿ ಕೊಡೆಯಡಿ ಕೂತು ದಾವೆತ್ ಪಾನಕ ಮಾರಬೇಕು, ನೆಂಟರು ಹೆಂಚಿನ ಚೂರುಗಳನ್ನೇ ಕಾಸೆಂದು ಕೊಟ್ಟು ಕುಡಿಯಬೇಕು. ಹಾಗಾಗಿ ಮದುವೆಯ ಮನೆಯಲ್ಲಿ ಒಂದು ಬುಟ್ಟಿ ಹೆಂಚಿನ ಚೂರು ಇದ್ದೇ ಇರುತ್ತದೆ.

ಕಸ್ಮಿನಾ ನಗುವುದಿಲ್ಲ. “ತಮಾಷೆ ಆಮೇಲೆ. ಇಲ್ಲಿ ಗೂಟ ಹೊಡೀಬೇಡಿ.”

“ಹೆಂಚಿಲ್ಲ ಅಂದ್ಮೇಲೆ ಕೇಬಲ್ಲೂ ಇಲ್ಲ. ನೀವೇ ತಾನೆ ಹೇಳ್ಕೊಟ್ಟಿದ್ದು?”

ಹೌದು, ಹೇಳಿಕೊಟ್ಟವರು ಅವರೇ. ತಾವು ಹೂಳುವ ಪ್ರತಿ ಕೇಬಲ್ಲಿನ ಮೇಲೂ ಮರಳು ಹಾಸಿ, ಒಡೆದ ಕೆಂಪು ಹೆಂಚುಗಳನ್ನು ಸಾಲಾಗಿ ಮುಚ್ಚುವುದು ಕಸ್ಮಿನಾ ಅವರ ಪದ್ಧತಿ. ಗುದ್ದಲಿಗೆ ಕೆಂಪು ಕಂಡರೆ ನಿಲ್ಲಿಸಬೇಕು ಎಂಬುದು ಈ ಕೇರಿಯ ಮಕ್ಕಳಿಗೂ ಗೊತ್ತು. ಕೆಂಪು ಕಾಣದಿದ್ದರೆ ಹೊಡೆಯಬಹುದು ಎಂದು ಅವರು ಯಾವತ್ತೂ ಹೇಳಿಲ್ಲ. ಆದರೆ ಜನ ಅದನ್ನೂ ಸೇರಿಸಿಕೊಂಡೇ ಕಲಿತಿದ್ದಾರೆ.

ಐವತ್ತು ದಾಟಿದ ಈ ಹೆಂಗಸು ಕೇಬಲ್ ಕೆಲಸಕ್ಕೆ ಇಷ್ಟಪಟ್ಟು ಬಂದವರಲ್ಲ. ಗಂಡ ಪಾಕ್ ದರ್ಮಾಜಿ ಗುತ್ತಿಗೆದಾರನೊಬ್ಬನ ಬಳಿ ಗುಂಡಿ ತೋಡಿ ಕೇಬಲ್ ಎಳೆಯುತ್ತಿದ್ದರು. ಒಂದು ದಿನ ಅವರ ಹಾರೆ ಮಣ್ಣಿನೊಳಗಿದ್ದ ಬರಿಮೈಯ ಕೇಬಲ್ಲಿಗೆ ನಾಟಿತು. ಯಾರೋ ಹಿಂದೆ ಹೂತದ್ದು. ಮೇಲೆ ಮರಳಿಲ್ಲ, ಗುರುತಿಲ್ಲ, ಉಕ್ಕಿನ ಕವಚವಂತೂ ಇಲ್ಲವೇ ಇಲ್ಲ. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಈಗ ಅವರು ಎಡಗೈ ಒಂದನ್ನೇ ನಂಬಿ ಹಕ್ಕಿಯ ಪಂಜರ ಹೆಣೆಯುತ್ತಾರೆ.

“ಆಸ್ಪತ್ರೆಯಿಂದ ಬಂದ್ಮೇಲೆ ಅವರ ಉಪಕರಣದ ಚೀಲ ಮೂಲೇಲಿ ಬಿದ್ದಿತ್ತು. ಅದನ್ನ ನೋಡಿದಾಗೆಲ್ಲ ನಂಗೆ ಮೈಯೆಲ್ಲಾ ಉರೀತಿತ್ತು. ಮಾರಿಬಿಡಿ ಅಂದೆ. ಅವರು, ‘ಮಾರೋದಾದ್ರೆ ಮಾರು. ಇಲ್ಲಾ ಕಲಿ, ನಾನು ಹೇಳ್ಕೊಡ್ತೀನಿ’ ಅಂದ್ರು. ಸಿಟ್ಟಿಗೇ ಕಲಿತೆ ಅನ್ನಿ” ಎನ್ನುತ್ತಾರೆ ಕಸ್ಮಿನಾ, ನಮ್ಮ ಪತ್ರಿಕೆಯೊಂದಿಗೆ ಮಾತಾಡುತ್ತಾ.

ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ಕೇಬಲ್ ಕೊಳ್ಳುವ ಮೊದಲು ಕೇರಿಯವರು ಅವರ ಮನೆಯ ಮೆಟ್ಟಿಲ ಮೇಲೆ ಕೂರುತ್ತಾರೆ. ಅವರು ಚಹಾ ಕೊಟ್ಟು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾರೆ. ಎಲ್ಲಿ ಹಾಯುತ್ತೆ? ಅದರ ಮೇಲೆ ಏನು ಓಡಾಡುತ್ತೆ? ಇಲಿ ಇದೆಯಾ? ನೀರು ನಿಲ್ಲುತ್ತಾ? ಎಷ್ಟು ದೂರ? ದೂರಕ್ಕೆ ಸಣ್ಣ ತಂತಿ ಎಳೆದರೆ ಪಂಪು ನರಳುತ್ತದೆ, ತಿರುಗುವುದಿಲ್ಲ ಎಂಬುದನ್ನು ತಾವೇ ನರಳಿ ತೋರಿಸುತ್ತಾರೆ. ಮಹಡಿ ಕಟ್ಟಿದ ಒಬ್ಬರು ಮನೆಯ ಒಳಗೋಡೆಗೂ ‘ಮಣ್ಣಿನ ಕೇಬಲ್ಲೇ’ ಬೇಕೆಂದು ಹಟ ಹಿಡಿದಿದ್ದರಂತೆ. ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್ಲಿಗೆ ಇಲ್ಲಿಯವರ ಹೆಸರು ಅದು. ಗಟ್ಟಿ ಮಾಲು ತಾನೇ, ಎಲ್ಲಾ ಕಡೆ ಇರಲಿ ಎಂಬುದು ಅವರ ವಾದ.

“ನಿಮ್ಮ ಮಲಗೋ ಕೋಣೇಲಿ ಗುದ್ದಲಿ ಹಾಕೋರು ಯಾರು ಪಾಕ್, ನಿಮ್ಮ ಹೆಂಡ್ತೀನಾ? ಅಂತ ಕೇಳ್ದೆ. ಅದು ಮೂಲೇಲಿ ಬಗ್ಗಲ್ಲ, ಬಲವಂತವಾಗಿ ಬಗ್ಗಿಸಿದ್ರೆ ಒಳಗೇ ಗಾಯ ಆಗುತ್ತೆ. ಒಳಗೋಡೆಗೆ ಪೈಪು, ಮಾಮೂಲಿ ವೈರು ಸಾಕು. ಗೇಟಿನ ದೀಪ, ಅಂಗಳ, ಓಣಿ, ಮನೆಯಿಂದ ಮನೆಗೆ ಹೋಗೋ ಲೈನು, ಅಲ್ಲಿ ಮಾತ್ರ ಕವಚ.”

ಕವಚದಲ್ಲೂ ಬಗೆಗಳಿವೆ. ಉಕ್ಕಿನ ಪಟ್ಟಿ ಸುತ್ತಿದ್ದು ಮೇಲಿನ ಭಾರವನ್ನು ತಡೆಯುತ್ತದೆ. ಉಕ್ಕಿನ ತಂತಿಗಳನ್ನು ಉದ್ದಕ್ಕೆ ಹೊದಿಸಿದ್ದು ಎಳೆತವನ್ನೂ ತಾಳುತ್ತದೆ. ವರ್ಷವರ್ಷವೂ ನೆಲ ಕುಸಿಯುವ, ವರ್ಷವರ್ಷವೂ ಮಣ್ಣು ಸುರಿದು ಎತ್ತರಿಸುವ ಈ ಕೇರಿಗೆ ಎರಡನೆಯದೇ ಸರಿ ಎಂದು ಅವರು ವಾದ ಮಾಡಿ ಗೆದ್ದಿದ್ದಾರೆ. ಓಣಿಯ ಪಂಪಿಗೆ ಅವರು ಎಳೆದ ಲೈನು ಅಂಥದ್ದೇ. ಸಮುದ್ರ ಉಕ್ಕಿ ಚರಂಡಿಯಿಂದ ನುಗ್ಗುವ ನೀರಿಗೆ ಇಲ್ಲಿ ‘ರೊಬ್’ ಎನ್ನುತ್ತಾರೆ. ಆ ಪಂಪು ನಿಂತರೆ ರೊಬ್ ಬಚ್ಚಲಿಗೇ ಬರುತ್ತದೆ.

ಆ ಲೈನು ಸರ್ಕಾವಿಯವರ ಮನೆಯ ಮುಂದೆಯೇ ಹಾಯಬೇಕು. ಅಲ್ಲೇ ಈಗ ಹೆಂಚಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅದೇ ಅಂಗಳದಲ್ಲಿ ನುರ್‌ವೆನಿಂಗ್ ಬರಿಗಾಲಲ್ಲಿ ಕೂರುತ್ತಾಳೆ. ಹಿರಿಯರು ಒಬ್ಬರಾದ ಮೇಲೊಬ್ಬರು ಅವಳ ತಲೆಯ ಮೇಲೆ ಹೂವಿನ ನೀರು ಹೊಯ್ಯುತ್ತಾರೆ. ಒದ್ದೆ ನೆಲ, ಒದ್ದೆ ಬಟ್ಟೆ, ಒದ್ದೆ ಪಾದ. ಅದನ್ನು ನೆನೆದೇ ಕಸ್ಮಿನಾ ಎದ್ದು ಹೋಗಿ ಪಂಪಿನ ಫ್ಯೂಸು ಕಿತ್ತು ರವಿಕೆಯ ಜೇಬಿಗೆ ಹಾಕಿಕೊಳ್ಳುತ್ತಾರೆ.

ಪಂಪಿನ ಸದ್ದು ನಿಂತದ್ದೇ ತಡ, ಮದುಮಗಳ ತಾಯಿ ಬು ಮರ್ಫುವಾ ಹೊರಗೆ ಬರುತ್ತಾರೆ. “ಇವತ್ತು ಹುಣ್ಣಿಮೆ, ರೊಬ್ ಏರೋ ಹೊತ್ತು! ನೆಂಟರು ದಾರೀಲಿದ್ದಾರೆ. ಚಪ್ಪರ ಒಂಬತ್ತರೊಳಗೆ ಏಳ್ಬೇಕು, ಹಿರಿಯರು ಲೆಕ್ಕ ಹಾಕಿ ಕೊಟ್ಟ ಗಳಿಗೆ ಅದು. ನೀವು ನೋಡಿದ್ರೆ ನನ್ನ ಹೊಸ್ತಿಲ ಮುಂದೇನೇ ಗುಂಡಿ ತೋಡ್ತೀನಿ ಅಂತೀರಲ್ಲಾ ಬು! ಮದುವೆ ಮನೆ ಮುಂದೆ ಯಾರಾದ್ರೂ ಗುಂಡಿ ತೋಡ್ತಾರಾ? ಅಪಶಕುನ!”

“ನಿಜ ಬು, ಒಳ್ಳೇದಲ್ಲ. ಆದ್ರೂ ತೋಡ್ತೀನಿ. ಬೈಯೋದಿದ್ರೆ ಬೈಕೊಳ್ಳಿ, ನಾನು ಕೇಳ್ತಾನೇ ತೋಡ್ತೀನಿ.”

ಮರ್ಫುವಾ ಬೈಯುತ್ತಾರೆ, ಮನಸಾರೆ ಬೈಯುತ್ತಾರೆ. ಕಸ್ಮಿನಾ ತೋಡುತ್ತಾರೆ. ಚರಂಡಿಯ ಕಿಂಡಿಯಲ್ಲಿ ನೀರು ಆಗಲೇ ಗುಳುಗುಳು ಅನ್ನುತ್ತಿದೆ. ಮದುಮಗಳ ತಂದೆ ಸರ್ಕಾವಿ ರೇಷ್ಮೆಯ ಪಂಚೆ, ತಲೆಗೆ ಬ್ಲಂಕೊನ್ ಪೇಟ ತೊಟ್ಟು ಏಣಿಯ ಪಕ್ಕ ನಿಂತಿದ್ದಾರೆ. ಚಪ್ಪರಕ್ಕೆ ತೆಂಗಿನ ಗರಿಯ ತಟ್ಟಿಯನ್ನು ಕಟ್ಟಬೇಕಾದವರು ಮದುಮಗಳ ತಂದೆಯೇ. ತಟ್ಟಿಯನ್ನು ಕೈಯಲ್ಲಿ ಹಿಡಿದೇ ಗುಂಡಿಯ ಕಡೆ ನೋಡುತ್ತಿದ್ದಾರೆ.

ಗುಂಡಿಯಲ್ಲಿ ಮೊದಲು ಕಾಣುವುದು ಕಸ್ಮಿನಾರ ಕರಿ ಕೇಬಲ್ಲು. ಅದರ ತುದಿಗೆ ಟೇಪು ಸುತ್ತಿದ ದಪ್ಪ ಗಂಟು. ಗಂಟಿನಿಂದಾಚೆಗೆ ಬೂದುಬಣ್ಣದ ಪ್ಲಾಸ್ಟಿಕ್ ಪೈಪು, ಗೇಣು ಮಣ್ಣಿನಡಿಯಲ್ಲೇ ಸರ್ಕಾವಿಯವರ ಮನೆಯ ಗೋಡೆಯ ಕಡೆ ಹೋಗುತ್ತದೆ. ನೆಲ ಕುಸಿದು ಪೈಪು ನಡುವಲ್ಲಿ ಬಾಗಿ ಸೀಳಿದೆ. ಸೀಳಿನಲ್ಲಿ ನೀರು. ನೀರಿನೊಳಗೆ ಮನೆಯ ಗೋಡೆಗೆ ಬಳಸುವ ಬಿಳಿ ವೈರು, ಒಂದು ಕಡೆ ಸಿಪ್ಪೆ ಸುಲಿದು ತಾಮ್ರ ಇಣುಕುತ್ತಿದೆ. ಸ್ನಾನದ ಪೀಠಕ್ಕೆಂದು ರಂಗು ಬಳಿದ ಜಾಗ ಅಲ್ಲಿಂದ ಒಂದು ಮಾರು ದೂರವೂ ಇಲ್ಲ.

ಜೆಮಿಂಗಾನ್ ತಮ್ಮ ಗೂಟವನ್ನು ಮೆಲ್ಲಗೆ ಗಾಡಿಯಲ್ಲಿ ಇಡುತ್ತಾರೆ. “ಯಾ ಅಲ್ಲಾ” ಎಂದಷ್ಟೇ ಹೇಳುತ್ತಾರೆ.

“ನಾನೇ” ಅನ್ನುತ್ತಾರೆ ಸರ್ಕಾವಿ. ಎಲ್ಲರೂ ತಿರುಗುತ್ತಾರೆ. “ಹೋದ ಬೇಸಿಗೇಲಿ ಅಂಗಳಕ್ಕೆ ಮಣ್ಣು ಹಾಕಿಸಿದ್ನಲ್ಲ, ಆವಾಗ ಪಂಪಿನ ಸ್ವಿಚ್ಚಿನ ಪೆಟ್ಟಿಗೇನೂ ಗೋಡೆ ಮೇಲಕ್ಕೆ ಎತ್ತಿ ಕೂರಿಸ್ದೆ. ಕೇಬಲ್ಲು ಸಾಲ್ಲಿಲ್ಲ. ಮನೇಲಿ ವೈರು ಉಳಿದಿತ್ತು, ಸೇರಿಸ್ದೆ. ಪೈಪೊಳಗೆ ತಾನೆ ಇರೋದು, ಏನಾಗುತ್ತೆ ಅಂದ್ಕೊಂಡೆ. ಹೆಂಚು ತೆಗೆದೋನು ಮತ್ತೆ ಮುಚ್ಚಲಿಲ್ಲ.”

ಮರ್ಫುವಾ ಗಂಡನ ಕಡೆ ನೋಡುವ ನೋಟ ಯಾರಿಗೂ ಬೇಡ. “ಮಗಳ ತಲೆಗೆ ನೀರು ಹೊಯ್ಯೋ ದಿನಾನೇ ಅವಳ ಜೀವ ತೆಗೀತಿದ್ರಲ್ಲಾ ಇವರು!” ಎಂದು ಕೂಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಾರೆ.

“ಅವರನ್ನ ಬೈಬೇಡಿ ಬು,” ಅನ್ನುತ್ತಾರೆ ಕಸ್ಮಿನಾ. “ಪೆಟ್ಟಿಗೆ ಎತ್ತಿದ್ದು ಒಳ್ಳೇದೇ ಆಯ್ತು. ಇಲ್ದಿದ್ರೆ ಮಳೆಗಾಲದಲ್ಲೇ ಮುಳುಗೋದು. ನನ್ನನ್ನ ಒಂದು ಮಾತು ಕೇಳಿದ್ರೆ ಆಗಿತ್ತು.” ಆಮೇಲೆ ಸರ್ಕಾವಿಯವರಿಗೆ ಗುದ್ದಲಿ ಚಾಚುತ್ತಾರೆ. “ಪಂಚೆ ಮೇಲೆ ಕಟ್ಕೊಳ್ಳಿ ಪಾಕ್.”

ಸರ್ಕಾವಿ ಪಂಚೆ ಎತ್ತಿ ಕಟ್ಟುತ್ತಾರೆ. ಪೇಟ ತೊಟ್ಟ ಯಜಮಾನರು ಕೆಸರಲ್ಲಿ ಗುಂಡಿ ತೋಡುವುದನ್ನು ನೋಡಲು ಓಣಿಯೆಲ್ಲ ಸೇರುತ್ತದೆ, ನೋಡುತ್ತಾ ನಿಲ್ಲಲು ನಾಚಿಕೆಯಾಗಿ ನಾಲ್ವರು ಕೈಹಾಕುತ್ತಾರೆ. ದರ್ಮಾಜಿ ಮನೆಯಲ್ಲಿ ಉಳಿದಿದ್ದ ಕವಚದ ಕೇಬಲ್ಲಿನ ಸುರುಳಿಯನ್ನು ಎಡಗೈಯಲ್ಲಿ ಸೈಕಲ್ ತಳ್ಳಿಕೊಂಡು ತರುತ್ತಾರೆ. ಗಳಿಗೆ ತಪ್ಪಬಾರದಲ್ಲ, ಅದಕ್ಕೆ ಜೆಮಿಂಗಾನ್ ಒಂದು ಉಪಾಯ ಹುಡುಕುತ್ತಾರೆ: ಸಿಮೆಂಟು ತುಂಬಿದ ಬಣ್ಣದ ಡಬ್ಬಿಯಲ್ಲಿ ಚಪ್ಪರದ ಮೊದಲ ಕಂಬವನ್ನು ನಿಲ್ಲಿಸುತ್ತಾರೆ. “ಹಿರಿಯರು ಕಂಬ ನಿಲ್ಸಿ ಅಂದಿದ್ದು, ನೆಲಕ್ಕೆ ಹೊಡೀರಿ ಅಂದಿಲ್ಲ” ಎಂಬ ಅವರ ಮಾತಿಗೆ ಮರ್ಫುವಾ ಅಳುವಿನ ನಡುವೆಯೂ ನಗುತ್ತಾರೆ. ಸರ್ಕಾವಿ ಕೆಸರುಗಾಲಲ್ಲೇ ಏಣಿ ಹತ್ತಿ ತಟ್ಟಿ ಕಟ್ಟಿ, ಇಳಿದು ಮತ್ತೆ ಗುಂಡಿಗೆ ಬರುತ್ತಾರೆ.

ಕಸ್ಮಿನಾ ಗಂಟನ್ನು ಮಣ್ಣಿನೊಳಗೆ ಬಿಡುವುದಿಲ್ಲ. ಹಳೆಯ ಕೇಬಲ್ಲಿನ ತುದಿಯನ್ನು ಪಕ್ಕದ ನಮಾಜುಕೋಣೆಯ ಗೋಡೆಗೆ, ರೊಬ್ ಮುಟ್ಟದ ಎತ್ತರಕ್ಕೆ ತಂದು ಪೆಟ್ಟಿಗೆಯೊಂದರಲ್ಲಿ ಹೊಸ ಕೇಬಲ್ಲಿಗೆ ಕೂಡಿಸುತ್ತಾರೆ. ಎರಡೂ ಕಡೆಯ ಉಕ್ಕಿನ ತಂತಿಗಳನ್ನು ಬಿಡಿಸಿ, ಬಿಗಿದು, ಅರ್ಥಿಂಗಿಗೆ ಜೋಡಿಸುತ್ತಾರೆ. ಈ ಕೆಲಸದಲ್ಲಿ ಅವರು ಯಾರ ಕೈಯನ್ನೂ ನಂಬುವುದಿಲ್ಲ. “ಅಂಗಡಿಯಿಂದ ಕವಚದ ಕೇಬಲ್ ತಂದು, ಕವಚಾನ ಹಾಗೇ ಕತ್ತರಿಸಿ ಬಿಡ್ತಾರೆ ಜನ. ಅರ್ಥಿಂಗಿಗೆ ಸೇರಿಸಿದ್ರೆ ತಾನೆ ಗೂಟ ಚುಚ್ಚಿದ ತಕ್ಷಣ ಸ್ವಿಚ್ಚು ಬೀಳೋದು? ಇಲ್ದಿದ್ರೆ ಆ ಉಕ್ಕೇ ಕರೆಂಟನ್ನ ಹೊತ್ಕೊಂಡು ಬಂದು ಕೊಡುತ್ತೆ.”

ಮರಳು ಬೀಳುತ್ತದೆ, ಹೆಂಚು ಬೀಳುತ್ತದೆ, ಮಣ್ಣು ಬೀಳುತ್ತದೆ. ಅಷ್ಟರಲ್ಲಿ ರೊಬ್ ಹೊಸ್ತಿಲ ಕೆಳಗಿನ ಮೆಟ್ಟಿಲು ಮುಟ್ಟಿದೆ. ಕಸ್ಮಿನಾ ಜೇಬಿನಿಂದ ಫ್ಯೂಸು ತೆಗೆದು ಸಿಕ್ಕಿಸುತ್ತಾರೆ. ಪಂಪು ಒಮ್ಮೆ ಕೆಮ್ಮಿ ಓಡತೊಡಗುತ್ತದೆ. ನೀರು ಮೆಟ್ಟಿಲು ಬಿಟ್ಟು ಮೆಲ್ಲಗೆ ಹಿಂದೆ ಸರಿಯುತ್ತದೆ.

ಸರ್ಕಾವಿ ಕೈ ತೊಳೆದು ಬಂದು ಪತ್ರಿಕೆಗೊಂದು ಮಾತು ಹೇಳುತ್ತಾರೆ: “ನನ್ನ ಹೆಸರು ಹಾಕೇ ಬರೀರಿ. ಮದುವೆ ಮನೆ ಮಾನ ಅಂತ ಬಿಟ್ಟುಬಿಡಬೇಡಿ. ಹಿಂದಿನ ಓಣೀಲೂ ನನ್ನ ಹಾಗೇ ಪೆಟ್ಟಿಗೆ ಎತ್ತಿದೋರು ಇದ್ದಾರೆ.”

ಸ್ನಾನ ಶುರುವಾಗುತ್ತದೆ. ಮಲ್ಲಿಗೆಯ ಜಾಲರಿ ಹೊದ್ದ ನುರ್‌ವೆನಿಂಗ್ ಬರಿಗಾಲಲ್ಲಿ ಹಸಿ ಮಣ್ಣು ತುಳಿದು ಬಂದು ಪೀಠದ ಮೇಲೆ ಕೂರುತ್ತಾಳೆ. ನೀರು ಹೊಯ್ಯಲು ಹಿರಿಯರ ಸಾಲಿಗೆ ಕಸ್ಮಿನಾರನ್ನೂ ಮರ್ಫುವಾ ಕೈಹಿಡಿದು ಕರೆಯುತ್ತಾರೆ. ಅವರು ಮೈಯೆಲ್ಲ ಕೆಸರು ಎಂದು ನೆಪ ಹೇಳಿ ನಮಾಜುಕೋಣೆಯ ಗೋಡೆಗೆ ಒರಗಿ ನಿಲ್ಲುತ್ತಾರೆ. ಯಾರೋ ಕೊಟ್ಟ ಚಹಾ ಲೋಟದಲ್ಲೇ ಆರುತ್ತಿದೆ, ಅವರ ಕಣ್ಣು ಪೀಠದ ಸುತ್ತಲಿನ ಒದ್ದೆ ನೆಲದ ಮೇಲಿದೆ. ದರ್ಮಾಜಿ ಲೋಟವನ್ನು ತಾವೇ ಇಸಿದುಕೊಳ್ಳುತ್ತಾರೆ.

ಮೊದಲ ಚೊಂಬು ನೆತ್ತಿಗೆ ಬಿದ್ದದ್ದೇ ಮದುಮಗಳು ಕಿಟಾರನೆ ಕಿರುಚುತ್ತಾಳೆ. ಕಸ್ಮಿನಾ ಬೆಚ್ಚಿ ಮುಂದಕ್ಕೆ ಧಾವಿಸುತ್ತಾರೆ. ಅಷ್ಟರಲ್ಲಿ ಹುಡುಗಿ ಭುಜ ಕುಗ್ಗಿಸಿ, ಹಲ್ಲು ಕಟಕಟಿಸುತ್ತಾ ನಗುತ್ತಿದ್ದಾಳೆ. “ಅಮ್ಮಾ, ಎಷ್ಟು ತಣ್ಣಗಿದೆ! ಬಿಸಿನೀರು ಬೆರೆಸಬಾರದಿತ್ತಾ?”

ಇದ್ದಲ್ಲೇ ನಿಂತು ಕಸ್ಮಿನಾ ಉಸಿರು ಬಿಡುತ್ತಾರೆ.

“ಕೇಳಿದ್ರಾ?” ಅನ್ನುತ್ತಾರೆ. “ತಣ್ಣೀರಿಗೆ ಕಿರುಚಿದ್ದು. ಬರೀ ತಣ್ಣೀರಿಗೆ.”