ಸದ್ದಿಲ್ಲದ ಪೆಟ್ಟಿಗೆ

ಎದುರುಮನೆಯ ಮೇಷ್ಟ್ರು ಸಿನಿಮಾ ನೋಡಲೆಂದೇ ಫ್ಯಾನಿಲ್ಲದ ಕಂಪ್ಯೂಟರ್ ಮಾಡಿಸಿದರು. ತುಮಕೂರಿನ ಅಂಗಡಿಯಲ್ಲಿ ಹಾರ್ಡ್ ಡಿಸ್ಕನ್ನೂ ಓಡಿಸಿ, ಕಿವಿಗೆ ಹಿಡಿದು ಆರಿಸಿದರು. "ಸದ್ದು ಬರಬಾರ್ದು ಕಣಯ್ಯ" ಎನ್ನುವುದೊಂದೇ ಮಾತು.

"ಗಾಳಿ ಆಡ್ಬೇಕು ಸಾರ್, ಮುಚ್ಚಿಡಬೇಡಿ," ಎಂದ ಅಂಗಡಿಯವನು.

"ನಂಗೇ ಪಾಠ ಹೇಳ್ತೀಯೇನ್ಲಾ?"

ಮನೆಯಲ್ಲಿ ಅದನ್ನು ಗಾಜಿನ ಶೋಕೇಸಿನೊಳಗಿಟ್ಟು ಕಸೂತಿ ಬಟ್ಟೆ ಹೊದಿಸಿದರು. ತೀರಿಕೊಂಡ ನನ್ನ ತಂಗಿಯ ಮದುವೆಯ ವಿಡಿಯೊವನ್ನು ನಮ್ಮಿಂದ ಪಡೆದು ಕಂಪ್ಯೂಟರಿಗೆ ತುಂಬಿಸಿ, "ಇನ್ನು ಈ ಕಸ ಯಾಕೆ?" ಎಂದು ನಮ್ಮಲ್ಲಿದ್ದ ಒಂದೇ ಕ್ಯಾಸೆಟ್ಟನ್ನು ಎಸೆದರು.

ಏಪ್ರಿಲ್‌ನ ಒಂದು ಮಧ್ಯಾಹ್ನ ನೋಡಲು ಕರೆದರು. ತಂಗಿ ತಲೆಯೆತ್ತುವಷ್ಟರಲ್ಲಿ ಪರದೆ ಕಪ್ಪಾಯಿತು. ಬಟ್ಟೆ ಎತ್ತಿ ಪೆಟ್ಟಿಗೆ ಮುಟ್ಟಿದೆ, ಬೆರಳು ಸುಟ್ಟಿತು.

"ಡಿಸ್ಕೇ ಹೋಗಿದೆ ಸಾರ್. ಏನೂ ಸಿಗಲ್ಲ," ಎಂದ ಬಂದು ನೋಡಿದ ಅಂಗಡಿಯವನು.

ಮೇಷ್ಟ್ರು ಪೆಟ್ಟಿಗೆಗೆ ಕಿವಿಯಿಟ್ಟರು. ಆಮೇಲೆ ನನ್ನತ್ತ ತಿರುಗಿ ಹೇಳಿದರು: "ಸಾಯೋವಾಗ್ಲೂ ಸದ್ದು ಮಾಡ್ಲಿಲ್ಲ, ನೋಡಿದ್ರಾ?"